ಕಣ್ಣಳತೆ, ಅಳತೆ ಮತ್ತು ಶುಶ್ರೂಷಕಿಯ ಅಧಿಕಾರ: ಹೆರಿಗೆಯ ನಂತರದ ಮೊದಲ ಗಂಟೆಯ ರಕ್ತಸ್ರಾವ

ಮಗು ಹುಟ್ಟಿ ಮಾಸು ಬಿದ್ದೊಡನೆ ಹೆರಿಗೆ ಕೋಣೆಯವರ ಗಮನ ಮಗುವಿನ ಕಡೆ ತಿರುಗುತ್ತದೆ. ತಾಯಿಯ ಜೀವಕ್ಕೆ ಅಪಾಯ ಹೆಚ್ಚಿರುವುದು ಅದೇ ಹೊತ್ತಿನಲ್ಲಿ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಜಾಗದಲ್ಲಿ ಬಾಯಿ ತೆರೆದ ರಕ್ತನಾಳಗಳನ್ನು ಅದುಮಿ ಹಿಡಿಯುವುದು ಗರ್ಭಕೋಶದ ಸ್ನಾಯುಗಳ ಬಿಗಿತ. ಆ ಬಿಗಿತ ಸಡಿಲಿದರೆ ಕೆಲವೇ ನಿಮಿಷಗಳಲ್ಲಿ ಬಾಣಂತಿ ಕೈಮೀರಿ ಹೋಗಬಹುದು. ಹಾಗಾದಾಗ ಅದನ್ನು ಮೊದಲು ಗುರುತಿಸಬೇಕಾದವಳು ಪಕ್ಕದಲ್ಲಿರುವ ಶುಶ್ರೂಷಕಿ. ಅವಳ ಕೈಗೆ ಅಳತೆಯ ಸಾಧನ ಕೊಟ್ಟರಷ್ಟೇ ಸಾಲದು, ಅಳೆದ ಮೇಲೆ ತಾನೇ ಚಿಕಿತ್ಸೆ ಆರಂಭಿಸುವ ಅಧಿಕಾರವನ್ನೂ ಕೊಡಬೇಕು ಎಂಬುದು ಈ ಲೇಖನದ ವಾದ.

ಹೆರಿಗೆಯಾದ 24 ಗಂಟೆಗಳೊಳಗೆ 500 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಪ್ರಸವೋತ್ತರ ರಕ್ತಸ್ರಾವ ಎಂದು ಕರೆಯುವ ರೂಢಿಯಿದೆ. ಆದರೆ ರಕ್ತ ಒಂದೇ ಕಡೆ ನಿಲ್ಲುವುದಿಲ್ಲ. ಬಟ್ಟೆಗೆ ಹೀರಿಕೊಳ್ಳುತ್ತದೆ, ಹತ್ತಿಯ ಪ್ಯಾಡಿನಲ್ಲಿ ಅಡಗುತ್ತದೆ, ಗರ್ಭಜಲದೊಡನೆ ಬೆರೆತು ನೆಲಕ್ಕೆ ಇಳಿಯುತ್ತದೆ. ರಕ್ತ ಹೆಚ್ಚು ಹೋದಷ್ಟೂ ಕಣ್ಣಳತೆ ಕಡಿಮೆಯನ್ನೇ ಹೇಳುತ್ತದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳೊಂದಿಗೆ ಇದಕ್ಕೊಂದು ಸರಳ ಸಾಧನ ರೂಪಿಸಿದರು. ಅದು ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಡ್ರೇಪ್. ಅದರ ತುದಿ ಆಲಿಕೆಯಂತೆ ಕಿರಿದಾಗಿ ಪಾರದರ್ಶಕ ಚೀಲವಾಗುತ್ತದೆ, ಚೀಲದ ಮೇಲೆ ಮಿ.ಲೀ. ಗೆರೆಗಳಿರುತ್ತವೆ. ಗರ್ಭಜಲ ಲೆಕ್ಕಕ್ಕೆ ಸೇರದಿರಲೆಂದು ಮಗು ಹುಟ್ಟಿದ ಮೇಲಷ್ಟೇ ಅದನ್ನು ಹಾಸುತ್ತಾರೆ. ಕರ್ನಾಟಕದ ಜಿಲ್ಲಾ ಆಸ್ಪತ್ರೆಯೊಂದರಲ್ಲಿ 123 ಮಹಿಳೆಯರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಣ್ಣಳತೆಯ ಅಂದಾಜು ಡ್ರೇಪಿನ ಅಳತೆಗಿಂತ ಶೇ. 33ರಷ್ಟು ಕಡಿಮೆಯಿತ್ತು.

ನಾಡಿ, ಬಿ.ಪಿ. ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಗೊತ್ತಾಗುತ್ತದೆ, ಆದರೆ ತಡವಾಗಿ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಮೊದಲೇ ಹೆಚ್ಚಿರುತ್ತದೆ. ಹರೆಯದ ದೇಹ ನಾಳಗಳನ್ನು ಬಿಗಿ ಮಾಡಿ ಒತ್ತಡವನ್ನು ಬಹಳ ಹೊತ್ತು ಕಾಯ್ದುಕೊಳ್ಳುತ್ತದೆ. ಬಿ.ಪಿ. ಕುಸಿಯುವ ಹೊತ್ತಿಗೆ ಒಂದು ಲೀಟರಿಗೂ ಹೆಚ್ಚು ರಕ್ತ ಹೋಗಿರಬಹುದು. ನಾಡಿಬಡಿತದ ಸಂಖ್ಯೆಯನ್ನು ಮೇಲಿನ ಬಿ.ಪಿ.ಯಿಂದ ಭಾಗಿಸಿದಾಗ 0.9 ದಾಟಿದರೆ ಎಚ್ಚರವಾಗಬೇಕೆಂಬ ಲೆಕ್ಕ ಈ ಕಾರಣಕ್ಕೇ ಉಪಯುಕ್ತ. ಒಂದೊಂದನ್ನೇ ನೋಡಿ ನೆಮ್ಮದಿಯಿಂದಿದ್ದವರಿಗೆ ಎರಡೂ ಸೇರಿ ಬೇರೆಯೇ ಚಿತ್ರ ಕೊಡುತ್ತವೆ.

ಹಾಗಾದರೆ ಎಲ್ಲೆಡೆ ಚೀಲ ಹಂಚಿದರೆ ಸಾಕೇ? ಯುರೋಪಿನ 13 ದೇಶಗಳಲ್ಲಿ 25,000ಕ್ಕೂ ಹೆಚ್ಚು ಹೆರಿಗೆಗಳಲ್ಲಿ ಇದನ್ನೇ ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಚೀಲ ಬಳಸಿದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ ಗಣನೀಯವಾಗಿ ಇಳಿದಿರಲಿಲ್ಲ. ಈ ಅಧ್ಯಯನವನ್ನು ಅಳತೆಯ ಸೋಲೆಂದು ಓದುವವರಿದ್ದಾರೆ. ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಬದಲಾದದ್ದು ಅಳತೆಯೊಂದೇ. ಅಳೆದ ನಂತರ ಯಾರು, ಎಷ್ಟು ಬೇಗ, ಏನು ಮಾಡಬೇಕೆಂಬುದನ್ನು ಆ ಪ್ರಯೋಗ ಕಟ್ಟಿಕೊಟ್ಟಿರಲಿಲ್ಲ.

ಅಧಿಕಾರದ ಪ್ರಶ್ನೆಗೆ ಉತ್ತರ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ಸಿಕ್ಕಿತ್ತು. 2002ರಿಂದ 2005ರವರೆಗೆ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಮಹಿಳೆಯರ ಮೇಲೆ ನಡೆದ ಪ್ರಯೋಗ ಅದು. ಹೆರಿಗೆ ಮಾಡಿಸುತ್ತಿದ್ದವರು ಎ.ಎನ್.ಎಂ.ಗಳು, ಅಂದರೆ ಊರಿನವರು ಸಿಸ್ಟರ್ ಎಂದು ಕರೆಯುವ ಆರೋಗ್ಯ ಸಹಾಯಕಿಯರು. ಮಗು ಹುಟ್ಟಿದ ಕೂಡಲೇ ಅವರು ತಾಯಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆ ಅಥವಾ ಔಷಧವಿಲ್ಲದ ಮಾತ್ರೆ ನುಂಗಿಸುತ್ತಿದ್ದರು, ಹೋದ ರಕ್ತವನ್ನು ಅದೇ ಡ್ರೇಪಿನಲ್ಲಿ ಅಳೆಯುತ್ತಿದ್ದರು. ಔಷಧ ಪಡೆದವರಲ್ಲಿ ರಕ್ತಸ್ರಾವದ ಪ್ರಮಾಣ ಶೇ. 12.0ರ ಬದಲು ಶೇ. 6.4 ಇತ್ತು. ವೈದ್ಯರಿಲ್ಲದ ಕಡೆ ಆರೋಗ್ಯ ಸಹಾಯಕಿ ಔಷಧವನ್ನು ಸುರಕ್ಷಿತವಾಗಿ ಕೊಡಬಲ್ಲಳು, ಕರಾರುವಾಕ್ಕಾಗಿ ಅಳೆಯಬಲ್ಲಳು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಿಕ್ಕ ಸಾಕ್ಷ್ಯವಿದು. ನಮ್ಮ ಶುಶ್ರೂಷಾ ಪಠ್ಯಕ್ರಮದಲ್ಲಿ ಇದಕ್ಕೆ ಹೆಮ್ಮೆಯ ಜಾಗ ಸಿಗಬೇಕು.

ಎರಡೂ ಎಳೆಗಳನ್ನು ಹೆಣೆದದ್ದು ಇ-ಮೋಟಿವ್ ಪ್ರಯೋಗ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಹೆರಿಗೆಗಳನ್ನು ಒಳಗೊಂಡ ಇದರ ವರದಿ 2023ರಲ್ಲಿ ಬಂತು. ಮೊದಲ ಗಂಟೆ ಪ್ರತಿ 15 ನಿಮಿಷಕ್ಕೊಮ್ಮೆ ಡ್ರೇಪಿನ ಗೆರೆ ನೋಡಬೇಕು, ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಿದೆಯೇ ಎಂದು ಮುಟ್ಟಿ ನೋಡಬೇಕು. ರಕ್ತ 500 ಮಿ.ಲೀ. ಮುಟ್ಟಿದರೆ, ಅಥವಾ 300 ದಾಟಿದ್ದು ಬೇರೆ ಯಾವುದಾದರೂ ಲಕ್ಷಣ ಕೆಟ್ಟಿದ್ದರೆ, ಒಂದೊಂದೇ ಮದ್ದು ಕೊಟ್ಟು ಕಾಯುತ್ತ ಕೂರುವಂತಿಲ್ಲ. ಗರ್ಭಕೋಶವನ್ನು ನೀವುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಹರಿದ ಗಾಯವಿದೆಯೇ ಎಂಬ ಪರೀಕ್ಷೆ ಎಲ್ಲವೂ ಒಟ್ಟಿಗೆ ಶುರುವಾಗಬೇಕು. ಅಲ್ಲಿ ರಕ್ತಸ್ರಾವ ಪತ್ತೆಯಾದ ಪ್ರಮಾಣ ಶೇ. 93, ಹಳೆಯ ಪದ್ಧತಿಯಲ್ಲಿ ಶೇ. 51. ಒಂದು ಲೀಟರ್ ಮೀರಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾದ ಶಸ್ತ್ರಚಿಕಿತ್ಸೆ, ಅದರಿಂದಾದ ಸಾವು ಇವನ್ನು ಸೇರಿಸಿ ಎಣಿಸಿದಾಗ ಶೇ. 4.3ರ ಬದಲು ಶೇ. 1.6. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮವನ್ನು ಶಿಫಾರಸು ಮಾಡಿತು.

ನಮ್ಮ ಆಸ್ಪತ್ರೆಗಳಿಗೆ ಇದನ್ನು ತರುವಾಗ ಕೆಲವು ಸಣ್ಣ ಸಂಗತಿಗಳೇ ನಿರ್ಣಾಯಕ. ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಬಿಸಿಲಿಗೆ ಸಿಕ್ಕ ಆಂಪೂಲ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಮೂತ್ರಚೀಲ ತುಂಬಿದ್ದರೆ ಗರ್ಭಕೋಶ ಬಿಗಿಯಾಗುವುದಿಲ್ಲ, ಬಾಣಂತಿಗೆ ಮೂತ್ರ ಮಾಡಿಸುವುದೂ ಚಿಕಿತ್ಸೆಯೇ. ಟ್ರಾನೆಕ್ಸಾಮಿಕ್ ಆಸಿಡ್ ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಉಪಯೋಗ ಎಂದು 2017ರ ವುಮನ್ ಪ್ರಯೋಗ ತೋರಿಸಿದೆ. ಡಾಕ್ಟರಿಗೆ ಫೋನ್ ಮಾಡಿ ಅನುಮತಿಗೆ ಕಾಯುವ ಪದ್ಧತಿ ಈ ಹೊತ್ತನ್ನು ತಿನ್ನುತ್ತದೆ. ಆದ್ದರಿಂದ ಚಿಕಿತ್ಸೆ ಆರಂಭಿಸುವ ಸ್ಥಾಯಿ ಆದೇಶ ಲಿಖಿತವಾಗಿ ಹೆರಿಗೆ ಕೋಣೆಯಲ್ಲೇ ಇರಬೇಕು, ಆ ಪಾಳಿಯ ಶುಶ್ರೂಷಕಿಯ ಸಹಿಗೆ ಬೆಲೆಯಿರಬೇಕು.

ಇನ್ನೊಂದು ಮಾತು ರಕ್ತಹೀನತೆಯದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ 7 ಇರುವವಳಿಗೆ 300 ಮಿ.ಲೀ. ನಷ್ಟವೆಂದರೆ 12 ಇರುವವಳಿಗೆ ಆಗುವ ನಷ್ಟದಂತಲ್ಲ. ಅವಳ ವಿಷಯದಲ್ಲಿ ಗೆರೆ ತಲುಪುವುದನ್ನು ಕಾಯುವಂತಿಲ್ಲ. ಬಾಣಂತಿಯ ಚೀಟಿಯ ತಲೆಯಲ್ಲಿ ಹಿಮೋಗ್ಲೋಬಿನ್ ಅಂಕಿಯನ್ನು ದೊಡ್ಡದಾಗಿ ಬರೆದಿಟ್ಟು, 15 ನಿಮಿಷಕ್ಕೊಮ್ಮೆ ಡ್ರೇಪ್ ನೋಡುವಾಗ ಆ ಅಂಕಿಯನ್ನೂ ನೋಡುವ ಕ್ರಮವನ್ನು ಶುಶ್ರೂಷಾ ವಿದ್ಯಾರ್ಥಿನಿಯರಿಗೆ ಮೊದಲ ಪಾಳಿಯಿಂದಲೇ ಕಲಿಸಬೇಕು.