ಪಶ್ಚಿಮ ಆಫ್ರಿಕಾ ಚಿತ್ರರಂಗ: ಗಡಿ ದಾಟಿದ ಸಹಯೋಗ, ಗುಣಮಟ್ಟದ ಹಂಬಲ

ಚಿತ್ರಗಳ ಸಂಖ್ಯೆಯಲ್ಲಿ ಹಾಲಿವುಡ್ಡನ್ನೇ ಹಿಂದಿಕ್ಕಿದ ಹೆಗ್ಗಳಿಕೆ ನೈಜೀರಿಯಾದ್ದು. ಯುನೆಸ್ಕೊ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 2006ರಲ್ಲಿ ಭಾರತ 1,091, ನೈಜೀರಿಯಾ 872 ಹಾಗೂ ಅಮೆರಿಕ 485 ಕಥಾಚಿತ್ರಗಳನ್ನು ನಿರ್ಮಿಸಿದ್ದವು. ಆದರೆ ನೈಜೀರಿಯಾದ ಆ ಚಿತ್ರಗಳು ವಿಡಿಯೊದಲ್ಲಿ ತಯಾರಾದವು. ಸಂಖ್ಯೆಗೆ ತಕ್ಕ ಗುಣಮಟ್ಟ ಎಲ್ಲಿ ಎಂಬ ಪ್ರಶ್ನೆ ಅಂದಿನಿಂದಲೂ ಪಶ್ಚಿಮ ಆಫ್ರಿಕಾದ ಚಿತ್ರೋದ್ಯಮವನ್ನು ಕಾಡುತ್ತಲೇ ಬಂದಿದೆ.

ಕ್ಯಾಸೆಟ್‌ನಲ್ಲಿ ಹುಟ್ಟಿದ ಉದ್ಯಮ

1980ರ ದಶಕದ ಆರ್ಥಿಕ ಕುಸಿತದಿಂದ ಈ ಭಾಗದಲ್ಲಿ ಕಚ್ಚಾ ಫಿಲ್ಮ್ ಕೈಗೆಟುಕದಾಯಿತು. ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕಿದವು. ಆಗ ನೆರವಿಗೆ ಬಂದದ್ದು ವಿಡಿಯೊ ಕ್ಯಾಮೆರಾ. ಘಾನಾದಲ್ಲಿ ವಿಲಿಯಂ ಅಕುಫೊ 1987ರಲ್ಲಿ 'ಜಿನಾಬು' ಚಿತ್ರವನ್ನು ವಿಡಿಯೊದಲ್ಲಿ ನಿರ್ಮಿಸಿದರು. ನೈಜೀರಿಯಾದಲ್ಲಿ ಕೆನೆತ್ ನೆಬುವೆ ನಿರ್ಮಿಸಿದ ಇಗ್ಬೊ ಭಾಷೆಯ 'ಲಿವಿಂಗ್ ಇನ್ ಬಾಂಡೇಜ್' (1992) ಕ್ಯಾಸೆಟ್ ಮಾರಾಟದಲ್ಲಿ ಅಪಾರ ಯಶಸ್ಸು ಕಂಡು 'ನಾಲಿವುಡ್'ಗೆ ನಾಂದಿ ಹಾಡಿತು. ನಕಲಿ ಪ್ರತಿಗಳು ಬರುವ ಮೊದಲೇ ಹಾಕಿದ ಹಣ ವಾಪಸಾಗಬೇಕಿದ್ದರಿಂದ ಕೆಲವೇ ದಿನಗಳಲ್ಲಿ ಚಿತ್ರೀಕರಣ ಮುಗಿಸುವುದು ರೂಢಿಯಾಯಿತು. ಚಿತ್ರಕಥೆ ಮತ್ತು ಧ್ವನಿಗ್ರಹಣ ಸೊರಗಿದವು.

ಲಾಗೋಸ್–ಅಕ್ರಾ ನಂಟು

ನೈಜೀರಿಯಾ ಮತ್ತು ಘಾನಾಗಳನ್ನು ಇಂಗ್ಲಿಷ್ ಬೆಸೆಯುತ್ತದೆ. ನೈಜೀರಿಯಾದ ನಿರ್ದೇಶಕ ಫ್ರಾಂಕ್ ರಾಜಾ ಅರಾಸೆ ಘಾನಾದ ವೀನಸ್ ಫಿಲ್ಮ್ಸ್ ಸಂಸ್ಥೆಯೊಡನೆ ಕೈಜೋಡಿಸಿದ ಬಳಿಕ ವಾನ್ ವಿಕರ್, ಜಾಕಿ ಅಪಿಯಾ, ನಾಡಿಯಾ ಬುವಾರಿ ಮೊದಲಾದ ಘಾನಾ ಕಲಾವಿದರು ನೈಜೀರಿಯಾದಲ್ಲೂ ಮನೆಮಾತಾದರು. 2006ರ 'ಬಿಯಾನ್ಸೆ' ಇದಕ್ಕೆ ನಿದರ್ಶನ. ಘಾನಾಕ್ಕೆ ವಿಶಾಲ ಮಾರುಕಟ್ಟೆ ದೊರೆಯಿತು. ನೈಜೀರಿಯಾದ ನಿರ್ಮಾಪಕರಿಗೆ ಹೊಸ ಮುಖಗಳೂ ಕಡಿಮೆ ಖರ್ಚಿನ ತಾಣಗಳೂ ದೊರೆತವು. ಆದರೆ ತಾರೆಯರ ವಿನಿಮಯ ಮಾರುಕಟ್ಟೆಯನ್ನು ಹಿಗ್ಗಿಸಿತೇ ಹೊರತು, ಅವಸರದ ನಿರ್ಮಾಣ ಪದ್ಧತಿಯನ್ನು ಬದಲಿಸಲಿಲ್ಲ.

ಫ್ರೆಂಚ್ ವಲಯದ ದಾರಿ

ಸೆನೆಗಲ್, ಮಾಲಿ, ಬುರ್ಕಿನಾ ಫಾಸೊಗಳ ಕಥೆಯೇ ಬೇರೆ. ಫ್ರಾನ್ಸಿನ ಧನಸಹಾಯದ ಬಲದಿಂದ ಇಲ್ಲಿ ಚಿತ್ರಗಳು ಕಡಿಮೆ ಸಂಖ್ಯೆಯಲ್ಲಿ, ಆದರೆ ಸಾವಧಾನವಾಗಿ ರೂಪುಗೊಂಡವು. 1969ರಲ್ಲಿ ವಾಗಡೂಗುವಿನಲ್ಲಿ ಆರಂಭವಾದ ಫೆಸ್ಪಾಕೊ ಚಿತ್ರೋತ್ಸವ ಇವುಗಳಿಗೆ ವೇದಿಕೆಯಾಯಿತು. ಸೆನೆಗಲ್‌ನ ಉಸ್ಮಾನ್ ಸೆಂಬೆನ್ 'ಮೂಲಾದೆ'ಯನ್ನು (2004) ಬುರ್ಕಿನಾ ಫಾಸೊದ ಹಳ್ಳಿಯಲ್ಲಿ ಚಿತ್ರೀಕರಿಸಿದರು, ನಾಯಕಿ ಮಾಲಿಯವರು. ಹೆಣ್ಣುಮಕ್ಕಳ ಜನನಾಂಗ ಛೇದನದ ವಿರುದ್ಧ ದನಿಯೆತ್ತಿದ ಈ ಚಿತ್ರ ಕಾನ್ ಉತ್ಸವದ 'ಅನ್ ಸರ್ಟೆನ್ ರಿಗಾರ್ಡ್' ವಿಭಾಗದಲ್ಲಿ ಪ್ರಶಸ್ತಿ ಪಡೆಯಿತು. ಆದರೂ ಇಂಥ ಚಿತ್ರಗಳು ಸ್ವದೇಶದ ಪ್ರೇಕ್ಷಕರನ್ನು ತಲುಪಿದ್ದು ಕಡಿಮೆ. ಒಂದೆಡೆ ಪ್ರೇಕ್ಷಕರಿದ್ದೂ ಗುಣಮಟ್ಟದ ಕೊರತೆ. ಇನ್ನೊಂದೆಡೆ ಗುಣಮಟ್ಟವಿದ್ದೂ ಪ್ರೇಕ್ಷಕರ ಕೊರತೆ.

ಬದಲಾದ ಗಾಳಿ

ನೈಜೀರಿಯಾದಲ್ಲಿ ಮಲ್ಟಿಪ್ಲೆಕ್ಸ್‌ಗಳು ತಲೆಯೆತ್ತಿದಂತೆ ದೊಡ್ಡ ಪರದೆಗೆ ಒಗ್ಗುವ ಚಿತ್ರಗಳಿಗೆ ಬೇಡಿಕೆ ಬಂತು. ಕುನ್ಲೆ ಅಫೊಲಯನ್ ಅವರ 'ದಿ ಫಿಗರೀನ್' (2009) ಹಾಗೂ ಘಾನಾದ ಶರ್ಲಿ ಫ್ರಿಂಪಾಂಗ್-ಮಾನ್ಸೊ ಅವರ 'ದಿ ಪರ್ಫೆಕ್ಟ್ ಪಿಕ್ಚರ್' (2009) ಚಿತ್ರಕಥೆಗೂ ತಾಂತ್ರಿಕತೆಗೂ ಸಮಯ ನೀಡಿದವು. ಶರ್ಲಿ ಅವರ 'ಪೊಟೇಟೊ ಪೊಟಾಟೊ' (2017) ಚಿತ್ರದಲ್ಲಿ ಉಭಯ ದೇಶಗಳ ಕಲಾವಿದರು ಜೊತೆಗೂಡಿದರು. ಬ್ರಿಟನ್ ಸಹಯೋಗದ 'ಮೈ ಫಾದರ್ಸ್ ಶ್ಯಾಡೊ' 2025ರಲ್ಲಿ ಕಾನ್ ಉತ್ಸವದ ಅಧಿಕೃತ ವಿಭಾಗಕ್ಕೆ ಆಯ್ಕೆಯಾದ ಮೊದಲ ನೈಜೀರಿಯಾ ಚಿತ್ರವೆನಿಸಿತು.

ಮುಂದಿರುವ ಸವಾಲು

ಹೊರಗಿನ ಹಣ ಶಾಶ್ವತವಲ್ಲ. ಅಮೆಜಾನ್ ಪ್ರೈಮ್ ವಿಡಿಯೊ 2024ರ ಜನವರಿಯಲ್ಲಿ ಆಫ್ರಿಕಾದ ಹೊಸ ನಿರ್ಮಾಣಗಳಿಗೆ ಹಣ ತೊಡಗಿಸುವುದನ್ನು ನಿಲ್ಲಿಸಿತು. 2025ರ ಜನವರಿಯಲ್ಲಿ ಮಾಲಿ, ಬುರ್ಕಿನಾ ಫಾಸೊ ಮತ್ತು ನೈಜರ್ ದೇಶಗಳು ಪಶ್ಚಿಮ ಆಫ್ರಿಕಾದ ಆರ್ಥಿಕ ಒಕ್ಕೂಟದಿಂದ ಹೊರನಡೆದವು. ಗಡಿಗಳ ನಡುವಣ ಮುಕ್ತ ಸಂಚಾರಕ್ಕೆ ಆಧಾರವಾಗಿದ್ದ ಚೌಕಟ್ಟು ಇದರಿಂದ ಸಡಿಲಗೊಂಡಿದೆ. ಆದರೂ ಮರುತಿಂಗಳೇ ವಾಗಡೂಗುವಿನಲ್ಲಿ ಫೆಸ್ಪಾಕೊ ನಡೆಯಿತು. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಆಧರಿಸಿ ಬುರ್ಕಿನಾದ ದಾನಿ ಕುಯಾಟೆ ನಿರ್ದೇಶಿಸಿದ 'ಕಟಾಂಗಾ' ಅತ್ಯುನ್ನತ ಪ್ರಶಸ್ತಿ ಗೆದ್ದಿತು.

ತಾರೆಯರು ಗಡಿ ದಾಟಿ ಎರಡು ದಶಕಗಳೇ ಸಂದಿವೆ. ಬಂಡವಾಳ, ತಂತ್ರಜ್ಞರು ಮತ್ತು ಪ್ರದರ್ಶನ ಜಾಲವೂ ಅಷ್ಟೇ ಸರಾಗವಾಗಿ ಗಡಿ ದಾಟಿದಾಗಲಷ್ಟೇ ನೈಜೀರಿಯಾದ ಪ್ರೇಕ್ಷಕಬಲವೂ ಫ್ರೆಂಚ್ ವಲಯದ ಕಲಾನಿಷ್ಠೆಯೂ ಒಂದೇ ಪರದೆಯಲ್ಲಿ ಕೂಡಿಬಂದಾವು.