ಗೋದಲಿಯ ಕಪ್ಪು ರಾಯ ಮತ್ತು ಸಿದ್ದಿಗಳ ಡಮಾಮಿ



ಪ್ರಭುಪ್ರಕಟಣೆಯ ಹಬ್ಬ ಬಂದಾಗ ನಾವು ಗೋದಲಿಯಲ್ಲಿ ಮೂವರು ರಾಯರ ಬೊಂಬೆಗಳನ್ನು ಇಡುತ್ತೇವೆ. ಅವರಲ್ಲಿ ಒಬ್ಬರು ಕಪ್ಪು ಮೈಬಣ್ಣದವರು. ಜ್ಞಾನಿಗಳು ಎಷ್ಟು ಮಂದಿ, ಯಾವ ಬಣ್ಣದವರು ಎಂದು ಮತ್ತಾಯನ ಶುಭಸಂದೇಶ ಹೇಳುವುದಿಲ್ಲ. ಮೂವರೆಂದು ಎಣಿಸಿದ್ದೂ ಒಬ್ಬರನ್ನು ಆಫ್ರಿಕಾದವರಂತೆ ಚಿತ್ರಿಸಿದ್ದೂ ನಂತರದ ಪರಂಪರೆ. 15ನೇ ಶತಮಾನದಲ್ಲಿ ಯೂರೋಪಿನ ಚಿತ್ರಕಾರರಲ್ಲಿ ಇದು ರೂಢಿಯಾಯಿತು. ಅದೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ತುಂಬಿಕೊಂಡು ತರತೊಡಗಿದವು. ಚಿತ್ರದಲ್ಲಿ ರಾಯನಾದವನು ಹಡಗಿನಲ್ಲಿ ಸರಕಾದ.

ಕೆಲವು ದಿನಗಳ ಹಿಂದೆ ನಮ್ಮ ಧರ್ಮಕೇಂದ್ರದ ಹುಡುಗರು 2021ರಲ್ಲಿ ತೆರೆಕಂಡ ‘ಸಲಗ’ ಚಿತ್ರದ ಹಾಡೊಂದನ್ನು ಫೋನಿನಲ್ಲಿ ನೋಡುತ್ತಾ ಕುಣಿಯುತ್ತಿದ್ದರು. ಗಿರಿಜಾ ಸಿದ್ದಿ, ಗೀತಾ ಸಿದ್ದಿಯವರ ದನಿ ಇರುವ ಹಾಡು ಅದು. “ಇವರು ಯಾವ ದೇಶದವರು ಫಾದರ್?” ಎಂದು ಒಬ್ಬ ಕೇಳಿದ. “ನಮ್ಮ ಕರ್ನಾಟಕದವರೇ ಕಣಪ್ಪ” ಎಂದರೆ ನಂಬಲಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ನಮಗೆ ಸಿದ್ದಿಗಳ ಪರಿಚಯ ಇಷ್ಟೇ.

ಸಿದ್ದಿಗಳು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಮುಂತಾದ ತಾಲೂಕುಗಳ ಕಾಡಂಚಿನಲ್ಲಿ ಬಾಳುತ್ತಿದ್ದಾರೆ. ಅವರ ಪೂರ್ವಜರು ಆಫ್ರಿಕಾದವರು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಅಲ್ಲಿಗೆ ಗುಲಾಮರಾಗಿ ಬಂದವರಲ್ಲಿ ಅನೇಕರು ಒಡೆಯರ ಕಾಟ ತಾಳಲಾರದೆ ಘಟ್ಟದ ಕಾಡು ಸೇರಿದರು. ಆ ಒಡೆಯರಲ್ಲಿ ಕ್ರೈಸ್ತರೂ ಇದ್ದರು ಎಂಬುದನ್ನು ನಾವು ಮರೆಮಾಚಬಾರದು. ಎರಡನೇ ಜಾನ್ ಪಾಲ್ ಜಗದ್ಗುರುಗಳು 1992ರಲ್ಲಿ ಸೆನೆಗಲ್ ದೇಶದ ಗೋರೆ ದ್ವೀಪದಲ್ಲಿ ನಿಂತು ಈ ಪಾಪಕ್ಕಾಗಿ ಕ್ಷಮೆ ಬೇಡಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಕಾಲ ಕಳೆದಂತೆ ಆಫ್ರಿಕಾದ ಮಾತು ಅವರ ನಾಲಗೆಯಿಂದ ಮರೆಯಾಯಿತು. ಮನೆಮಾತು ಕೊಂಕಣಿಯಾಯಿತು, ಜೊತೆಗೆ ಕನ್ನಡ ಬಂತು. ಕೆಲವರು ಹಿಂದೂಗಳಾದರು, ಕೆಲವರು ಮುಸ್ಲಿಮರಾದರು, ಕೆಲವರು ನಮ್ಮಂತೆ ಕಥೋಲಿಕರಾದರು. ಆದರೆ ತಾಳ ಮಾತ್ರ ಹೋಗಲಿಲ್ಲ. ಟೊಳ್ಳು ಮರಕ್ಕೆ ಎರಡೂ ಕಡೆ ಚರ್ಮ ಬಿಗಿದ ಡೋಲು, ಅದೇ ಡಮಾಮಿ. ಅದು ನುಡಿದರೆ ಮೂರೂ ಧರ್ಮದ ಸಿದ್ದಿಗಳು ಒಂದೇ ಅಂಗಳದಲ್ಲಿ ಕುಣಿಯುತ್ತಾರೆ. ಗುಜರಾತಿನ ಸಿದ್ದಿಗಳು ತಮ್ಮ ಕುಣಿತವನ್ನು ‘ಗೋಮ’ ಎನ್ನುತ್ತಾರೆ. ಪೂರ್ವ ಆಫ್ರಿಕಾದಲ್ಲಿ ‘ಎನ್ಗೋಮ’ ಎಂದರೆ ಡೋಲು, ಕುಣಿತವೂ ಹೌದು. ನೂರಾರು ವರ್ಷ, ಒಂದು ಸಮುದ್ರ ದಾಟಿದ ಮೇಲೂ ಆ ಒಂದು ಪದ ಡೋಲಿನ ಜೊತೆ ಉಳಿದುಕೊಂಡಿತು. ಹುಟ್ಟಿದ ಊರನ್ನೂ ಇಟ್ಟ ಹೆಸರನ್ನೂ ಕಿತ್ತುಕೊಂಡವರು ಎದೆಯೊಳಗಿನ ತಾಳವನ್ನು ಕಿತ್ತುಕೊಳ್ಳಲಾಗಲಿಲ್ಲ.

ಲೋಕದ ಬೇರೆ ಕಡೆಗಳಲ್ಲೂ ಹೀಗೇ ಆಯಿತು. ಅಮೆರಿಕದ ಫಿಸ್ಕ್ ವಿದ್ಯಾಲಯವು ಬಿಡುಗಡೆ ಹೊಂದಿದ ಗುಲಾಮರಿಗಾಗಿ 1866ರಲ್ಲಿ ಆರಂಭವಾದದ್ದು. ಅದು ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ, 1871ರಲ್ಲಿ ಅದರ ವಿದ್ಯಾರ್ಥಿಗಳು ಊರೂರು ತಿರುಗಿ ಹಾಡಿದರು. ಅವರಲ್ಲಿ ಹೆಚ್ಚಿನವರು ಗುಲಾಮರಾಗಿಯೇ ಹುಟ್ಟಿದವರು. ಹೆತ್ತವರು ಹೊಲದಲ್ಲಿ ಹಾಡುತ್ತಿದ್ದ ಭಕ್ತಿಗೀತೆಗಳನ್ನು ಮೊದಮೊದಲು ಜನರ ಮುಂದೆ ಹಾಡಲು ಅವರು ಹಿಂಜರಿದರು. ಕೊನೆಗೆ ಆ ಹಾಡುಗಳೇ ವಿದ್ಯಾಲಯವನ್ನು ಉಳಿಸಿದವು. ಆಫ್ರಿಕಾದ ಕಾಂಗೋದಲ್ಲಿ 1958ರಲ್ಲಿ ಲತೀನ್ ಭಾಷೆಯ ಬಲಿಪೂಜೆಯ ಗೀತೆಗಳನ್ನು ಅಲ್ಲಿನ ಡೋಲು, ಅಲ್ಲಿನ ರಾಗದಲ್ಲೇ ಹಾಡಲಾಯಿತು. ಆ ‘ಮಿಸ್ಸಾ ಲೂಬ’ ಲೋಕಪ್ರಸಿದ್ಧವಾಯಿತು. ಐದು ವರ್ಷಗಳ ಬಳಿಕ, 1963ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯು ಆಯಾ ಜನಾಂಗದ ಸಂಗೀತಕ್ಕೆ ಆರಾಧನೆಯಲ್ಲಿ ತಕ್ಕ ಸ್ಥಾನ ಕೊಡಬೇಕೆಂದು ವಿಧಿಸಿತು.

ಇದನ್ನೆಲ್ಲ ಸೆಮಿನರಿಯಲ್ಲಿ ಓದಿಯೇ ನಾವು ಯಾಜಕರಾದೆವು. ಆದರೂ ಹಿಂದೆ ಒಂದು ಧರ್ಮಕೇಂದ್ರದಲ್ಲಿದ್ದಾಗ, ಹಬ್ಬದ ತೇರಿನ ಮುಂದೆ ಊರೆಲ್ಲ ತಮಟೆ ಬಡಿದು ಬಂದವರನ್ನು ದೇವಾಲಯದ ಗೇಟಿನಲ್ಲೇ ನಿಲ್ಲಿಸಿದೆವು. ಒಳಗೆ ಕೀಬೋರ್ಡ್ ಸಿದ್ಧವಾಗಿತ್ತು. ಅವರ ಊಟವನ್ನು ಹೊರಗೇ ಕಳುಹಿಸಿದೆವು. ಅವರಲ್ಲಿ ಹಿರಿಯರೊಬ್ಬರು ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾ, “ಚರ್ಮ ಮುಟ್ಟಿದ ಕೈ ಅಲ್ವಾ ಸ್ವಾಮಿ, ಹೊರಗೇ ಸರಿ” ಎಂದರು. ಆ ಮಾತಿಗೆ ಉತ್ತರ ಕೊಡಲು ನಮಗೆ ಬಾಯಿ ಬರಲಿಲ್ಲ. ಗೋದಲಿಯಲ್ಲಿ ಕಪ್ಪು ರಾಯನನ್ನು ಬಾಲಯೇಸುವಿನ ಪಕ್ಕದಲ್ಲೇ ಇಟ್ಟ ಕೈಗಳೇ ಜೀವಂತ ಮನುಷ್ಯರನ್ನು ಗೇಟಿನಾಚೆ ನಿಲ್ಲಿಸಿದ್ದವು.

ಪ್ರಿಯರೇ, ರಾಮನಗರದ ಜಾನಪದ ಲೋಕಕ್ಕೆ ಹೋದಾಗ ಹಳೆಯ ವಾದ್ಯಗಳನ್ನು ಮಕ್ಕಳಿಗೆ ತೋರಿಸಿ ಹೆಮ್ಮೆಪಡುತ್ತೇವೆ. ಅವುಗಳನ್ನು ನುಡಿಸುವವರನ್ನೂ ಅಷ್ಟೇ ಗೌರವದಿಂದ ಕಾಣಬೇಡವೇ? ಸಿದ್ದಿಗಳ ಹಾಡನ್ನು ಕೇಳಿ ಕುಣಿಯುವುದು ಸುಲಭ. ಆ ಹಾಡು ಯಾವ ನೋವನ್ನು ದಾಟಿ ಬಂತೆಂದು ತಿಳಿದು ಹಾಡಿದವರನ್ನು ಹೆಸರು ಹಿಡಿದು ನೆನೆಯುವುದು ಅದಕ್ಕಿಂತ ದೊಡ್ಡದು. ಜ್ಞಾನಿಗಳು ತಮ್ಮ ಕಾಣಿಕೆಯನ್ನು ಹೊರಗಿಟ್ಟು ಹೋಗಲಿಲ್ಲ, ಮನೆಯ ಒಳಕ್ಕೆ ಬಂದು ಅರ್ಪಿಸಿದರು. ಈ ಹಬ್ಬಕ್ಕೆ ತಮಟೆಯವರು ಒಳಗೆ ಬರಲಿ. ಊಟಕ್ಕೆ ನಮ್ಮ ಸಾಲಿನಲ್ಲೇ ಕೂರಲಿ.