ಬೋರ್ಬನ್ ಬಿಸ್ಕತ್ತಿನಲ್ಲಿ ವಿಸ್ಕಿ ಇದೆಯೇ? ಒಂದು ಹೆಸರು, ಎರಡು ಕಥೆ

ಬೋರ್ಬನ್ ಅಂದರೆ ಅಮೆರಿಕದ ವಿಸ್ಕಿ, ಆದ್ದರಿಂದ ಬೋರ್ಬನ್ ಬಿಸ್ಕತ್ತಿನಲ್ಲೂ ಮದ್ಯ ಇದೆ ಎನ್ನುವ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ ಗಾಬರಿ ಬೇಡ. ಮೊದಲರ್ಧ ನಿಜ, ಎರಡನೆಯದು ಸುಳ್ಳು. ಈ ಬಿಸ್ಕತ್ತು ಹುಟ್ಟಿದ್ದು 1910ರಲ್ಲಿ, ಲಂಡನ್ನಿನ ಪೀಕ್ ಫ್ರೀನ್ಸ್ ಕಂಪನಿಯಲ್ಲಿ. ಆಗ ಅದರ ಹೆಸರು ಕ್ರಿಯೋಲಾ. ಆಮೇಲೆ ಅದಕ್ಕೆ ಫ್ರಾನ್ಸಿನ ಬೋರ್ಬನ್ ರಾಜಮನೆತನದ ಹೆಸರು ಬಂತು. ಒಳಗಿರುವುದು ಮೈದಾ, ಸಕ್ಕರೆ, ಎಣ್ಣೆ, ಕೋಕೋ. ಅನುಮಾನವಿದ್ದರೆ ಪ್ಯಾಕೆಟ್ಟಿನ ಹಿಂಭಾಗ ಓದಿ.

ವಿಸ್ಕಿಯ ಹೆಸರೂ ಅದೇ ಮನೆತನದಿಂದ ಬಂದದ್ದು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಫ್ರಾನ್ಸ್ ಸಹಾಯ ಮಾಡಿತು ಎಂಬ ಕೃತಜ್ಞತೆಗೆ ಈಗಿನ ಕೆಂಟಕಿ ರಾಜ್ಯದ ಒಂದು ಪ್ರದೇಶಕ್ಕೆ ಬೋರ್ಬನ್ ಕೌಂಟಿ ಎಂದು ಹೆಸರಿಟ್ಟರು. ವಿಸ್ಕಿಗೆ ಹೆಸರು ಅಲ್ಲಿಂದ ಬಂತೋ, ನ್ಯೂ ಆರ್ಲಿಯನ್ಸಿನ ಬೋರ್ಬನ್ ಸ್ಟ್ರೀಟಿನಿಂದ ಬಂತೋ ಎಂದು ಇತಿಹಾಸಕಾರರು ಇವತ್ತಿಗೂ ಜಗಳವಾಡುತ್ತಾರೆ. ಎಲೈಜಾ ಕ್ರೇಗ್ ಎಂಬ ಪಾದ್ರಿ ಇದನ್ನು ಕಂಡುಹಿಡಿದರು ಎಂಬ ಜನಪ್ರಿಯ ಕಥೆಗಂತೂ ಗಟ್ಟಿ ಆಧಾರವಿಲ್ಲ. ವಾಟ್ಸಾಪ್ ಇಲ್ಲದ ಕಾಲದಲ್ಲೂ ಫಾರ್ವರ್ಡ್‌ಗಳಿದ್ದವು ನೋಡಿ.

ಹಾಗಾದರೆ ಬೋರ್ಬನ್ ಎಂದರೇನು?

ಇದಕ್ಕೆ ಅಮೆರಿಕದ ಕಾನೂನಿನಲ್ಲೇ ಸ್ಪಷ್ಟ ಉತ್ತರವಿದೆ. ಅಮೆರಿಕದಲ್ಲೇ ತಯಾರಾಗಬೇಕು. ಬಳಸುವ ಧಾನ್ಯದಲ್ಲಿ ಕನಿಷ್ಠ ಶೇ. 51 ಮುಸುಕಿನ ಜೋಳ ಇರಬೇಕು, ಉಳಿದದ್ದು ಸಾಮಾನ್ಯವಾಗಿ ರೈ ಅಥವಾ ಗೋಧಿ, ಜೊತೆಗೆ ಮೊಳಕೆ ಬರಿಸಿದ ಬಾರ್ಲಿ. ಒಳಮೈ ಸುಟ್ಟು ಕಪ್ಪಾಗಿಸಿದ ಹೊಸ ಓಕ್ ಮರದ ಪೀಪಾಯಿಯಲ್ಲಿ ಇಡಬೇಕು. ಬಣ್ಣ ಹಾಕುವಂತಿಲ್ಲ, ರುಚಿ ಬೆರೆಸುವಂತಿಲ್ಲ. ಬಾಟಲಿ ತುಂಬುವಾಗ ಆಲ್ಕೋಹಾಲ್ ಶೇ. 40ಕ್ಕಿಂತ ಕಡಿಮೆ ಇರಬಾರದು. ಕೆಂಟಕಿಯಲ್ಲೇ ಆಗಬೇಕು ಎಂಬ ನಿಯಮ ಇಲ್ಲ, ಅದೂ ಒಂದು ತಪ್ಪು ತಿಳಿವಳಿಕೆ. ಆದರೆ ಬಹುಪಾಲು ತಯಾರಾಗುವುದು ಅಲ್ಲೇ. 1964ರಲ್ಲಿ ಅಮೆರಿಕದ ಸಂಸತ್ತು ಬೋರ್ಬನ್ ತಮ್ಮ ದೇಶದ ವಿಶಿಷ್ಟ ಉತ್ಪನ್ನ ಎಂದು ನಿರ್ಣಯವನ್ನೇ ಮಾಡಿತು. (ಅಮೆರಿಕದವರು ವಿಸ್ಕಿಯ ಸ್ಪೆಲ್ಲಿಂಗಿನಲ್ಲಿ ಒಂದು ಅಕ್ಷರ ಹೆಚ್ಚು ಬರೆಯುತ್ತಾರೆ, ಸ್ಕಾಟ್‌ಲೆಂಡಿನವರು ಬರೆಯುವುದಿಲ್ಲ. ಕನ್ನಡದಲ್ಲಿ ಆ ತಲೆನೋವಿಲ್ಲ.)

ಇಷ್ಟು ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಕಚ್ಚಾ ಸಾರಾಯಿಗೆ ತಂಬಾಕಿನ ರಸ, ಒಣಹಣ್ಣಿನ ರಸ, ಇನ್ನೂ ಏನೇನೋ ಬೆರೆಸಿ "ಹಳೇ ವಿಸ್ಕಿ" ಎಂದು ಮಾರುವವರಿದ್ದರು. ಇದರ ವಿರುದ್ಧ 1897ರಲ್ಲಿ ಒಂದು ಕಾನೂನು ಬಂತು. ಸರ್ಕಾರದ ಉಸ್ತುವಾರಿಯ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ ಇಟ್ಟ ವಿಸ್ಕಿಗೆ ಒಂದು ರೀತಿಯ ಸರ್ಕಾರಿ ಮುದ್ರೆ. ಆಹಾರ ಮತ್ತು ಔಷಧಗಳ ಕಲಬೆರಕೆ ತಡೆಯುವ ಅಮೆರಿಕದ ದೊಡ್ಡ ಕಾಯ್ದೆ ಬಂದದ್ದು 1906ರಲ್ಲಿ. ಅಂದರೆ ಅಲ್ಲಿ ವಿಸ್ಕಿಯ ಶುದ್ಧತೆಗೆ ಕಾವಲು ಒಂಬತ್ತು ವರ್ಷ ಮೊದಲೇ ಸಿಕ್ಕಿತ್ತು!

ಬಣ್ಣ, ಪರಿಮಳ ಎಲ್ಲಿಂದ?

ಈ ಪಾನೀಯದಲ್ಲಿ ನಿಜಕ್ಕೂ ಮೆಚ್ಚಬೇಕಾದ ವಿಷಯ ಇದು. ಭಟ್ಟಿಯಿಂದ ಇಳಿದಾಗ ಬೋರ್ಬನ್ ನೀರಿನ ಹಾಗೆ ಬಿಳಿ. ಜೇನಿನಂಥ ಬಣ್ಣವೆಲ್ಲ ಮರದ ಕೊಡುಗೆ. ಪೀಪಾಯಿಯ ಒಳಮೈಗೆ ಬೆಂಕಿ ಹಚ್ಚಿದಾಗ ಮರದಲ್ಲಿರುವ ಲಿಗ್ನಿನ್ ಒಡೆದು ವ್ಯಾನಿಲಿನ್ ಆಗುತ್ತದೆ. ವೆನಿಲಾ ಐಸ್‌ಕ್ರೀಮಿನ ಪರಿಮಳ ಕೊಡುವುದೂ ಇದೇ. ಮರದ ಇನ್ನೊಂದು ಅಂಶ ಹೆಮಿಸೆಲ್ಯುಲೋಸ್ ಸಕ್ಕರೆಗಳಾಗಿ ಒಡೆದು, ಕಾಯಿಸಿದ ಬೆಲ್ಲದ ಪಾಕದಂಥ ವಾಸನೆ ಕೊಡುತ್ತದೆ. ಓಕ್‌ನಲ್ಲಿರುವ ಲ್ಯಾಕ್ಟೋನ್‌ಗಳಿಂದ ಕೊಬ್ಬರಿಯ ಛಾಯೆ. ಒಟ್ಟಿನಲ್ಲಿ ಒಬ್ಬಟ್ಟಿನ ಹೂರಣ ಮಾಡುವ ಅಡುಗೆಮನೆಯ ವಾಸನೆಗೆ ತೀರಾ ದೂರದ್ದಲ್ಲ.

ಹವಾಮಾನವೂ ಕೆಲಸ ಮಾಡುತ್ತದೆ. ಕೆಂಟಕಿಯ ಬೇಸಿಗೆಯಲ್ಲಿ ವಿಸ್ಕಿ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗಾಲದಲ್ಲಿ ಕುಗ್ಗಿ ಹೊರಬರುತ್ತದೆ. ಈ ನಡುವೆ ಪೀಪಾಯಿಯಿಂದ ಪ್ರತಿ ವರ್ಷ ನೂರಕ್ಕೆ ಮೂರು-ನಾಲ್ಕು ಪಾಲು ಆವಿಯಾಗಿ ಹೋಗುತ್ತದೆ. ಇದಕ್ಕೆ ದೇವದೂತರ ಪಾಲು ಎಂದು ಹೆಸರು. ಆ ಆವಿಯನ್ನು ಉಂಡು ಬೆಳೆಯುವ ಕಪ್ಪು ಬೂಷ್ಟೊಂದಿದೆ, ಗೋದಾಮುಗಳ ಸುತ್ತಲಿನ ಮರ, ಗೋಡೆಗಳಿಗೆ ಮಸಿ ಬಳಿದಂತೆ ಕಾಣುತ್ತದೆ. ನೆರೆಹೊರೆಯವರಿಗೆ ಅದು ದೇವದೂತರ ಕೆಲಸ ಅನ್ನಿಸುವುದಿಲ್ಲ.

ಪೀಪಾಯಿ ಹೊಸದೇ ಆಗಬೇಕು ಎಂಬ ನಿಯಮದಿಂದ ಒಂದು ಸಲ ಬಳಸಿದ ಪೀಪಾಯಿ ಮತ್ತೆ ಬೋರ್ಬನ್‌ಗೆ ಬರುವುದಿಲ್ಲ. ಅವು ಹಡಗು ಹತ್ತಿ ಸ್ಕಾಟ್‌ಲೆಂಡಿಗೆ ಹೋಗುತ್ತವೆ, ನಮ್ಮ ಬೆಂಗಳೂರಿಗೂ ಬರುತ್ತವೆ. ಅಮೃತ್ ಸಿಂಗಲ್ ಮಾಲ್ಟ್ ಇಂಥ ಪೀಪಾಯಿಗಳಲ್ಲೂ ಮಾಗುತ್ತದೆ. ಆದರೆ ಬೆಂಗಳೂರಿನ ಬಿಸಿಲಿಗೆ ದೇವದೂತರ ಬಾಯಾರಿಕೆ ಜಾಸ್ತಿ, ವರ್ಷಕ್ಕೆ ನೂರಕ್ಕೆ ಹತ್ತು ಪಾಲು ಮೀರಿ ಆವಿಯಾಗುತ್ತದೆ.

ನೆಗಡಿಗೆ ವಿಸ್ಕಿ ಮದ್ದೇ?

ಇಲ್ಲಿ ನಗು ಸ್ವಲ್ಪ ನಿಲ್ಲಿಸಬೇಕು. ಈ ನಂಬಿಕೆಗೆ ಹಳೆಯ ಬೇರಿದೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇದ್ದಾಗಲೂ ವೈದ್ಯರ ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ವಿಸ್ಕಿ ಕೊಳ್ಳಬಹುದಿತ್ತು. ಆಗ ಎಷ್ಟು ಜನಕ್ಕೆ ಕಾಯಿಲೆ ಬಂದಿರಬೇಕು ಎಂದು ನೀವೇ ಊಹಿಸಿ.

ವಿಸ್ಕಿ ಕುಡಿದಾಗ ಮೈ ಬೆಚ್ಚಗಾದಂತೆ ಅನ್ನಿಸುವುದು ನಿಜ. ಆದರೆ ಅದು ಚರ್ಮದ ರಕ್ತನಾಳಗಳು ಅಗಲವಾಗಿ ಒಳಗಿನ ಬಿಸಿ ಹೊರಗೆ ಹೋಗುವಾಗಿನ ಅನುಭವ. ದೇಹದೊಳಗಿನ ಉಷ್ಣತೆ ಇಳಿಯುತ್ತದೆ. ನೆಗಡಿಯ ವೈರಸ್ಸಿಗೆ ಇದರಿಂದ ಏನೂ ಆಗುವುದಿಲ್ಲ. ನಿದ್ದೆ ತರಿಸುವ ಕೆಮ್ಮಿನ ಸಿರಪ್ ಜೊತೆ ಮದ್ಯ ಸೇರಿದರೆ ಮಂಪರು ಅಪಾಯಕಾರಿಯಾಗಿ ಹೆಚ್ಚಬಹುದು. ಕೆಲವು ಮನೆಗಳಲ್ಲಿ ಚಳಿಗೆ, ಶೀತಕ್ಕೆ ಎಂದು ಮಕ್ಕಳ ಬಾಯಿಗೆ ಒಂದು ಚಮಚ ಬ್ರಾಂದಿಯನ್ನೋ ವಿಸ್ಕಿಯನ್ನೋ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ, ಹಾಕಲು ಹೊರಟ ಅಜ್ಜಿಗೂ ಹೇಳಿ. ಪುಟ್ಟ ಮಕ್ಕಳಲ್ಲಿ ಮದ್ಯ ರಕ್ತದ ಸಕ್ಕರೆಯನ್ನು ದಿಢೀರ್ ಇಳಿಸಿ ಫಿಟ್ಸ್ ಬರಿಸಬಲ್ಲದು, ಉಸಿರಾಟವನ್ನೂ ಕುಗ್ಗಿಸಬಲ್ಲದು.

ಬೋರ್ಬನ್‌ನಲ್ಲಿ ಎಲಾಜಿಕ್ ಆಮ್ಲವಿದೆ, ಅದು ಕ್ಯಾನ್ಸರ್ ತಡೆಯುತ್ತದೆ ಎಂಬ ಮಾತೂ ಓಡಾಡುತ್ತದೆ. ಮರದಿಂದ ಅದು ಸ್ವಲ್ಪ ಬರುವುದು ಹೌದು. ದಾಳಿಂಬೆಯಲ್ಲೂ ಇದೆ. ಆದರೆ ಮದ್ಯವೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದೂ 2023ರಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ದಾಳಿಂಬೆಯೇ ವಾಸಿ.

ಬೀರುವಿನಲ್ಲಿಟ್ಟ ಬಾಟಲಿ

ಕೊನೆಯದಾಗಿ, ಫಾರಿನ್‌ನಿಂದ ಬಂದ ಮಾವ ಕೊಟ್ಟ ಬಾಟಲಿಯನ್ನು "ಹಳೆಯದಾದಷ್ಟೂ ಒಳ್ಳೆಯದು" ಎಂದು ಹತ್ತು ವರ್ಷದಿಂದ ಬೀರುವಿನಲ್ಲಿ ಜೋಪಾನ ಮಾಡಿದವರಿಗೆ ಒಂದು ಮಾತು. ವಿಸ್ಕಿ ಮಾಗುವುದು ಮರದೊಳಗೆ ಮಾತ್ರ. ಗಾಜಿಗೆ ಇಳಿದ ದಿನವೇ ಅದರ ವಯಸ್ಸು ನಿಂತಿತು. ಆರು ವರ್ಷದ ಬೋರ್ಬನ್ ನಿಮ್ಮ ಮನೆಯಲ್ಲಿ ಹತ್ತು ವರ್ಷ ಕಳೆದರೂ ಆರು ವರ್ಷದ್ದೇ. ಮುಚ್ಚಳ ತೆರೆದಿಟ್ಟಿದ್ದರೆ ಗಾಳಿ ತಾಗಿ ಪರಿಮಳ ಮಂಕಾಗಿರುತ್ತದೆ, ಅಷ್ಟೇ.